ಸೇತುವೆಗೆ ಕೋಟಿ ಕೋಟಿ, ತಡೆಗೋಡೆಗೆ ಕಾಸಿಲ್ಲ!

ಕನಗನಮರಡಿ.

ಈ ಹೆಸರು ಕಿವಿಗೆ ಬಿದ್ದರೆ ಪಾಂಡವಪುರ ಸೀಮೆಯ ತಾಯಂದಿರು ಇವತ್ತಿಗೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ತಾರೆ. 2018ರ ನವೆಂಬರ್ 24, ಶನಿವಾರ. ಮಧ್ಯಾಹ್ನದ ಹೊತ್ತು. ಅರ್ಧ ದಿನದ ಸ್ಕೂಲು ಮುಗಿಸಿದ್ದ ಮಕ್ಕಳು ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತಿದ್ದವು. ಪಾಂಡವಪುರದಿಂದ ಮಂಡ್ಯದ ಕಡೆ ಹೊರಟಿದ್ದ ಆ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿತು. ನಾಲೆಯಲ್ಲಿ ನೀರಿತ್ತು. ಮೂವತ್ತು ಜೀವ ಹೋಯ್ತು. ಅದೇ ರಾತ್ರಿ ಅಂಬರೀಶ್ ತೀರಿಕೊಂಡರು. ಒಂದೇ ದಿನ ಜಿಲ್ಲೆಗೆ ಎರಡು ಸೂತಕ. ಒಂದು ಸೂತಕಕ್ಕೆ ನಾಡೇ ಅತ್ತಿತು. ಇನ್ನೊಂದನ್ನು ಆಯಾ ಮನೆಯವರು ಅತ್ತು ಮುಗಿಸಿಕೊಂಡರು.

ರಸ್ತೆಗೂ ನಾಲೆಗೂ ನಡುವೆ ಅಲ್ಲಿ ತಡೆಗೋಡೆ ಇರಲಿಲ್ಲ. ಇಷ್ಟೇ ವಿಷಯ. ಉಳಿದದ್ದೆಲ್ಲ ಪರಿಹಾರ, ಭೇಟಿ, ಸಾಂತ್ವನ, ಫೋಟೋ.

ಆಮೇಲೆ ಪಾಠ ಕಲಿತೆವಾ? 2023ರ ಜುಲೈ ಕೊನೆಯಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಗಾಮನಹಳ್ಳಿ ಹತ್ತಿರ ಇದೇ ನಾಲೆಗೆ ಕಾರು ಬಿದ್ದು ನಾಲ್ವರು ಹೆಣ್ಣುಮಕ್ಕಳು ಸತ್ತರು. ಅದೇ ವರ್ಷ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಬನಘಟ್ಟದ ಹತ್ತಿರ ಮತ್ತೊಂದು ಕಾರು. ಐದು ಹೆಣ. ಕನಗನಮರಡಿಯಾಗಿ ಐದು ವರ್ಷ ತುಂಬಲು ಎರಡು ವಾರ ಬಾಕಿ ಇತ್ತು!

ಈ ಅಂಕಣಕಾರ ಇಂಜಿನಿಯರಲ್ಲ ಸ್ವಾಮಿ. ಪಿ.ಯು.ಸಿ.ಯನ್ನೇ ಅರ್ಧಕ್ಕೆ ಬಿಟ್ಟು ಪೆನ್ನು ಹಿಡಿದವನು. ಆದರೆ ಕಣ್ಣಿದೆ, ಎಸ್ಟಿಮೇಟು ಓದೋಕೆ ಬರ್ತದೆ. ಹದಿನೈದು ವರ್ಷದಿಂದ ಈ ನಾಲ್ಕು ತಾಲ್ಲೂಕು ಸುತ್ತಿ, ಸೇತುವೆಯ ಗುದ್ದಲಿ ಪೂಜೆಗಳಲ್ಲಿ ಪುರಿ ಬತ್ತಾಸು ತಿಂದು ಬಂದಿದ್ದೇನೆ. ಅದರಿಂದ ಒಂದು ಸಂಗತಿ ತಿಳಿದಿದೆ. ನಮ್ಮಲ್ಲಿ ಸೇತುವೆ ಕಟ್ಟಲು ದುಡ್ಡು ಹುಟ್ಟುತ್ತದೆ, ಕಟ್ಟಿದ್ದನ್ನು ಕಾಪಾಡಲು ಹುಟ್ಟುವುದಿಲ್ಲ. ಯಾಕೆ? ಇವತ್ತು ಅದನ್ನೇ ಬಿಡಿಸಿ ನೋಡೋಣ.

ಪೂರ್ಣಯ್ಯನವರ ಕಲ್ಲು

ಮೊದಲು ಶ್ರೀರಂಗಪಟ್ಟಣಕ್ಕೆ ಬನ್ನಿ. ಕಾವೇರಿ ಇಲ್ಲಿ ಎರಡಾಗಿ ಒಡೆದು ಊರನ್ನು ನಡುಗಡ್ಡೆ ಮಾಡಿದ್ದಾಳೆ. ಸೇತುವೆ ಇಲ್ಲದಿದ್ದರೆ ಈ ಊರಿಗೆ ಹರಿಗೋಲೇ ಗತಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಐದು ವರ್ಷಕ್ಕೆ, ಅಂದರೆ 1804ರಲ್ಲಿ, ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಇಲ್ಲೊಂದು ಕಲ್ಲಿನ ಸೇತುವೆ ಎದ್ದಿತು. ಆಗಿನ ಗವರ್ನರ್ ಜನರಲ್ ಹೆಸರು ಇಟ್ಟು ವೆಲ್ಲೆಸ್ಲಿ ಸೇತುವೆ ಅಂದರು. ಹೆಸರು ದೊರೆಯದು, ಬೆವರು ನಮ್ಮ ಕಲ್ಲುಕುಟಿಗರದು.

ಅದನ್ನು ಒಮ್ಮೆ ಕೆಳಗಿಳಿದು ನೋಡಿ. ಕಲ್ಲಿನ ಕಂಬ, ಕಂಬದ ತಲೆಗೆ ಕಲ್ಲಿನ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ. ದೇವಸ್ಥಾನದ ಮಂಟಪ ಕಟ್ಟುವ ವಿದ್ಯೆಯನ್ನೇ ಹೊಳೆಗೆ ಇಳಿಸಿದ್ದಾರೆ. ಕಂಬಗಳು ಒತ್ತೊತ್ತಾಗಿ ನಿಂತಿವೆ. ಅದಕ್ಕೆ ಕಾರಣ ಉಂಟು. ಕಲ್ಲು ಭಾರವನ್ನು ಹೊರುತ್ತದೆ, ಬಾಗುವುದನ್ನು ತಡೆಯುವುದಿಲ್ಲ. ಉದ್ದನೆಯ ಕಲ್ಲು ತೊಲೆ ಹಾಕಿದರೆ ನಡುವೆ ಸೀಳಿ ಬೀಳ್ತದೆ. ಆದ್ದರಿಂದ ಗಿಡ್ಡ ತೊಲೆ, ಹತ್ತಿರ ಹತ್ತಿರ ಕಂಬ. ಇದರಲ್ಲಿ ತೊಂದರೆಯೂ ಇದೆ. ನೆರೆ ಬಂದಾಗ ಮರದ ಬೊಡ್ಡೆ, ಕಸಕಡ್ಡಿ ಎಲ್ಲ ಕಂಬಕ್ಕೆ ಸಿಕ್ಕಿಕೊಳ್ಳುತ್ತದೆ, ನೀರಿನ ಒತ್ತಡ ಏರುತ್ತದೆ.

ಆದರೂ ಇದು ಇನ್ನೂರು ವರ್ಷ ದಾಟಿ ನಿಂತಿದೆ. 1924ರ ಮಹಾ ನೆರೆ ಕಂಡಿದೆ. ಕನ್ನಂಬಾಡಿಯಿಂದ ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟ ವರ್ಷಗಳಲ್ಲಿ ಕಿರಂಗೂರು ಕಡೆಯ ಸಂಚಾರ ನಿಲ್ಲಿಸಬೇಕಾಗಿ ಬಂದಿದೆ, ಹೊಳೆ ಇಳಿದ ಮೇಲೆ ಸೇತುವೆ ಮತ್ತೆ ಮೈ ಕೊಡವಿಕೊಂಡು ಎದ್ದಿದೆ. ಶಿವನಸಮುದ್ರದ ಹಳೇ ಕಲ್ಲು ಸೇತುವೆಗೆ ಆ ಅದೃಷ್ಟ ಇರಲಿಲ್ಲ. 2018ರ ನೆರೆಯಲ್ಲಿ ಅದರ ಒಂದು ಭಾಗ ಕೊಚ್ಚಿ ಹೋಯಿತು. ಕಲ್ಲಿಗೂ ಆಯುಸ್ಸುಂಟು, ಆರೈಕೆ ಬೇಕು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಪೂರ್ಣಯ್ಯನವರ ಕಾಲಕ್ಕೆ ಖಜಾನೆ ಒಂದು, ಹುಕುಂ ಒಂದು, ಜವಾಬ್ದಾರಿ ಒಂದು. ಸೇತುವೆ ಬಿದ್ದರೆ ಯಾರನ್ನು ಕೇಳಬೇಕು ಅಂತ ಊರಿಗೆಲ್ಲ ಗೊತ್ತಿತ್ತು. ಈಗ? ಕೇಳಿ ನೋಡಿ!

ಕನ್ನಂಬಾಡಿಯ ಲೆಕ್ಕ

ದೊಡ್ಡ ಕಾಮಗಾರಿಗೆ ದುಡ್ಡು ಹೊಂದಿಸುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. 1911ರ ಅಕ್ಟೋಬರಿನಲ್ಲಿ ಕನ್ನಂಬಾಡಿ ಕಟ್ಟೆಗೆ 81 ಲಕ್ಷ ರೂಪಾಯಿ ಮಂಜೂರಾಯಿತು. ಆ ಕಾಲದ 81 ಲಕ್ಷ! ಖಜಾನೆಯವರು ಹಿಂದೆಮುಂದೆ ನೋಡಿದ್ದು ಸಹಜ. ಆಗ ಚೀಫ್ ಇಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರು ಬರೀ ನಕ್ಷೆ ತೋರಿಸಲಿಲ್ಲ, ಲೆಕ್ಕ ತೋರಿಸಿದರು. ಕಟ್ಟೆ ಕಟ್ಟಿದರೆ ಶಿವನಸಮುದ್ರದ ವಿದ್ಯುತ್ತಿಗೆ ವರ್ಷವಿಡೀ ನೀರು, ಆ ವಿದ್ಯುತ್ತಿಗೆ ಕೋಲಾರದ ಚಿನ್ನದ ಗಣಿಯವರು ಗಿರಾಕಿ, ಮೇಲಿಂದ ಸಾವಿರಾರು ಎಕರೆಗೆ ನೀರು. ಹಾಕಿದ ದುಡ್ಡು ಹೇಗೆ ವಾಪಸ್ಸು ಬರ್ತದೆ ಅನ್ನೋದು ಕಾಗದದ ಮೇಲಿತ್ತು.

ಕಟ್ಟೆಯನ್ನು ಸಿಮೆಂಟಿನಿಂದ ಕಟ್ಟಲಿಲ್ಲ, ಸುರ್ಕಿ ಗಾರೆಯಿಂದ ಕಟ್ಟಿದರು. ಕೈಗೆ ಸಿಗುವ ಸಾಮಾನು, ಗೊತ್ತಿರುವ ಕೆಲಸ. ಕಟ್ಟೆಯಿಂದ ಹೊರಟ ನಾಲೆಗೆ ಮೊದಲು ವೈಸರಾಯ್ ಇರ್ವಿನ್ ಹೆಸರು, ಆಮೇಲೆ ವಿಶ್ವೇಶ್ವರಯ್ಯನವರ ಹೆಸರು. ಹುಲಿಕೆರೆ ಹತ್ತಿರ ಗುಡ್ಡ ಅಡ್ಡ ಬಂದಾಗ ಸುಮಾರು 2.8 ಕಿಲೋಮೀಟರ್ ಸುರಂಗ ಕೊರೆದು ನೀರು ದಾಟಿಸಿದರು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ಬಂತು. ಲೆಕ್ಕ ಕೂಡಿತು.

ಒಂದು ಮಾತು ಮಾತ್ರ ಆ ಲೆಕ್ಕದಲ್ಲಿ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ನಾಲೆ ಏರಿಯ ಮೇಲೆ ಆಗ ಓಡುತ್ತಿದ್ದದ್ದು ಎತ್ತಿನ ಗಾಡಿ. ಎತ್ತಿಗೆ ಬುದ್ಧಿ ಇದೆ, ಅಂಚಿಗೆ ಬಂದರೆ ತಾನೇ ನಿಲ್ತದೆ. ಬಸ್ಸಿನ ಚಕ್ರಕ್ಕೆ ಆ ಬುದ್ಧಿ ಇಲ್ಲ. ಏರಿ ರಸ್ತೆಯಾಯಿತು, ರಸ್ತೆಗೆ ಟಾರು ಬಂತು, ಟಾರಿನ ಮೇಲೆ ವೇಗ ಬಂತು. ತಡೆಗೋಡೆ ಬರಲಿಲ್ಲ. ಮೇಲಿಂದ ನಾಲೆಯ ಆಧುನೀಕರಣಕ್ಕೆ ನೂರಾರು ಕೋಟಿ ಸುರಿದು ಬದಿಗೆ ಕಾಂಕ್ರೀಟು ಮೆತ್ತಿದರು. ಒಳ್ಳೆಯದೇ, ನೀರು ಪೋಲಾಗುವುದು ತಪ್ಪಿತು, ಕೊನೆ ಭಾಗದ ರೈತನಿಗೆ ಆಸೆ ಹುಟ್ಟಿತು. ಆದರೆ ನುಣುಪಾದ ಬದಿಯಲ್ಲಿ ನೀರು ಜೋರಾಗಿ ಓಡ್ತದೆ, ಬಿದ್ದವನಿಗೆ ಹಿಡಿದು ಹತ್ತೋಕೆ ಒಂದು ಬೇರು, ಒಂದು ಕಲ್ಲು ಸಿಗೋದಿಲ್ಲ. ನೀರಿಗೆ ಅನುಕೂಲ ಮಾಡಿದವರು ಮನುಷ್ಯನಿಗೆ ಒಂದು ಗೋಡೆ ಎಬ್ಬಿಸಬೇಕಿತ್ತು ತಾನೇ?

ದುಡ್ಡು ಎಲ್ಲಿಂದ ಬರ್ತದೆ?

ಸೇತುವೆಗೆ ದುಡ್ಡು ಬರುವ ದಾರಿಗಳು ಹಲವು. ರಾಜ್ಯದ ಬಜೆಟ್ಟಿನಿಂದ ಲೋಕೋಪಯೋಗಿ ಇಲಾಖೆಗೆ ಬರುವುದು ಒಂದು. ನೀವು ಪೆಟ್ರೋಲು ಡೀಸೆಲ್ ಹಾಕಿಸಿದಾಗಲೆಲ್ಲ ಕೇಂದ್ರ ಹಿಡಿದುಕೊಳ್ಳುವ ಸೆಸ್ಸಿನಿಂದ ಬರುವುದು ಇನ್ನೊಂದು. 2000ದ ಕಾಯ್ದೆಯ ಪ್ರಕಾರ ಕೇಂದ್ರ ರಸ್ತೆ ನಿಧಿ ಅಂತಿದ್ದದ್ದು 2018ರಿಂದ ರಸ್ತೆ ಮತ್ತು ಮೂಲಸೌಕರ್ಯ ನಿಧಿ ಆಗಿದೆ. ಹಳ್ಳಿಗಾಡಿನ ಸೇತುವೆಗೆ 1995-96ರಿಂದ ನಬಾರ್ಡ್ ಸಾಲ ಕೊಡ್ತಾ ಬಂದಿದೆ. ಹಳ್ಳಿ ರಸ್ತೆಗೆ 2000ದಿಂದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಇದೆ. ಹೆದ್ದಾರಿಗೆ ಹೆದ್ದಾರಿ ಪ್ರಾಧಿಕಾರ, ಹಳಿಗೆ ರೈಲ್ವೆ, ನಾಲೆಗೆ ನೀರಾವರಿ ನಿಗಮ.

ನೋಡಿದಿರಾ, ಚೀಲ ಎಷ್ಟಿವೆ! ಇಷ್ಟು ಚೀಲ ಇರುವುದೇ ರೋಗದ ಮೂಲ. ರಸ್ತೆ ಒಬ್ಬರದು, ರಸ್ತೆ ಪಕ್ಕದ ನಾಲೆ ಇನ್ನೊಬ್ಬರದು, ನಾಲೆ ಮೇಲಿನ ಸೇತುವೆ ಯಾರದೋ. ಸೇತುವೆ ಕಟ್ಟುವ ದುಡ್ಡು ಬಂಡವಾಳದ ಖಾತೆಯಲ್ಲಿ ಬರ್ತದೆ. ಅದಕ್ಕೆ ಸಾಲ ಸಿಗ್ತದೆ, ಅಡಿಗಲ್ಲು ಸಿಗ್ತದೆ, ಹೆಸರು ಕೆತ್ತಿದ ಫಲಕ ಸಿಗ್ತದೆ. ನಿರ್ವಹಣೆಯ ದುಡ್ಡು ಬೇರೆ ಖಾತೆ. ಅದಕ್ಕೆ ಯಾರೂ ಸಾಲ ಕೊಡೋದಿಲ್ಲ, ಯಾರೂ ಟೇಪು ಕತ್ತರಿಸೋದಿಲ್ಲ. ಸೇತುವೆಯ ಸಂದಿನಲ್ಲಿ ಬೆಳೆದ ಅರಳಿ ಗಿಡ ಕಿತ್ತದ್ದಕ್ಕೆ ಹಾರ ಹಾಕಿಸಿಕೊಂಡ ಮಂತ್ರಿಯನ್ನು ನೀವು ಕಂಡಿದ್ದೀರಾ? ಆ ಗಿಡದ ಬೇರು ಕಂಬ ಸೀಳಿದ ಮೇಲೆ ಹೊಸ ಸೇತುವೆಗೆ ಅಡಿಗಲ್ಲು ಹಾಕೋದಕ್ಕೆ ಮಾತ್ರ ಎಲ್ಲರೂ ಬರ್ತಾರೆ.

ಕೆಲವು ವರ್ಷದ ಹಿಂದೆ ಒಂದು ಮೋರಿಯ ಬದಿಗೋಡೆ ಬಿದ್ದಿದ್ದನ್ನು ಹಿಡಿದುಕೊಂಡು ನಾನೇ ಕಛೇರಿ ಅಲೆದೆ. ಯಾವ ಕಛೇರಿ ಅಂತ ಹೇಳುವುದಿಲ್ಲ, ಎಲ್ಲವೂ ಒಂದೇ. ಮೊದಲನೆಯವರು ಮೋರಿ ನಮ್ಮದಲ್ಲ ಅಂದರು. ಎರಡನೆಯವರು ಮೋರಿ ನಮ್ಮದೇ, ಆದರೆ ಮೇಲಿನ ರಸ್ತೆ ಅವರದು ಅಂದರು. ಮೂರನೆಯವರು ಟೀ ತರಿಸಿ, ‘ನೀವೊಂದು ಅರ್ಜಿ ಕೊಡಿ, ಕಳಿಸ್ತೀವಿ’ ಅಂದರು. ‘ಎಲ್ಲಿಗೆ?’ ಅಂದೆ. ‘ಮೊದಲನೆಯವರಿಗೆ’ ಅಂದರು!

ಹೆದ್ದಾರಿ ಕಲಿಸಿದ ಪಾಠ

ಈಗ ದೊಡ್ಡ ಕಾಮಗಾರಿಗೆ ಬನ್ನಿ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಿ ಮೋದಿ ನಮ್ಮ ಮಂಡ್ಯ ಜಿಲ್ಲೆಯಲ್ಲೇ ಉದ್ಘಾಟಿಸಿದರು. 118 ಕಿಲೋಮೀಟರ್ ಉದ್ದ, ಸುಮಾರು 8,480 ಕೋಟಿ ರೂಪಾಯಿ ಖರ್ಚು. ಶ್ರೀರಂಗಪಟ್ಟಣಕ್ಕೂ ಬೈಪಾಸು ಬಂತು, ಕಾವೇರಿಯ ಮೇಲೆ ಹೊಸ ಸೇತುವೆಗಳು ಎದ್ದವು. ಪೂರ್ಣಯ್ಯನವರ ಸೇತುವೆಯ ಹತ್ತಿರ ನಿಂತು ಇವುಗಳನ್ನು ನೆನೆದರೆ ಎರಡು ಶತಮಾನ ಒಟ್ಟಿಗೆ ಕಣ್ಣ ಮುಂದೆ ಬರ್ತದೆ.

ಇದಕ್ಕೆ ದುಡ್ಡು ಹೊಂದಿಸಿದ ಕ್ರಮ ತಿಳಿದುಕೊಳ್ಳುವಂಥದ್ದು. ಕಟ್ಟುವಾಗ ಸರ್ಕಾರ ನೂರಕ್ಕೆ ನಲವತ್ತು ಕೊಡ್ತದೆ. ಮಿಕ್ಕ ಅರವತ್ತನ್ನು ಗುತ್ತಿಗೆ ಕಂಪನಿ ತನ್ನದು, ಬ್ಯಾಂಕಿನದು ಹಾಕಿ ಕಟ್ತದೆ. ಆ ಅರವತ್ತನ್ನು ಸರ್ಕಾರ ಹದಿನೈದು ವರ್ಷ ಕಂತಿನಲ್ಲಿ ಬಡ್ಡಿ ಸಮೇತ ತೀರಿಸ್ತದೆ. ನಮ್ಮ ಮಾತಿನಲ್ಲಿ ಹೇಳೋದಾದರೆ, ಮನೆ ಕಟ್ಟಿಸುವ ಗೌಡ ಮೇಸ್ತ್ರಿಗೆ ಹೇಳಿದ ಹಾಗೆ: ‘ಈಗ ನಲವತ್ತು ತಕೋ, ಮಿಕ್ಕಿದ್ದು ಹದಿನೈದು ವರ್ಷ ಕಂತು ಕೊಡ್ತೀನಿ. ಅಲ್ಲೀವರೆಗೆ ಮನೆ ಸೋರಿದರೆ ನೀನೇ ರಿಪೇರಿ ಮಾಡ್ಬೇಕು ಕಣಪ್ಪ.’

ಗಣಂಗೂರಿನಲ್ಲಿ 2023ರ ಜುಲೈ 1ರಿಂದ ಕಟ್ಟುತ್ತಿರುವ ಟೋಲು ಕಂಪನಿಯ ಜೇಬಿಗೆ ಹೋಗ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಈ ಕ್ರಮದಲ್ಲಿ ಟೋಲಿನ ಹಕ್ಕು ಹೆದ್ದಾರಿ ಪ್ರಾಧಿಕಾರದ್ದು. ಕಂಪನಿಗೆ ಸಿಗೋದು ಕಂತು. ಗಾಡಿ ಕಮ್ಮಿ ಬಂದರೆ ನಷ್ಟ ಸರ್ಕಾರಕ್ಕೆ.

ಈ ಕ್ರಮದಲ್ಲಿ ಒಂದು ಒಳ್ಳೇ ಅಂಶ ಇದೆ, ಗಮನಿಸಿ. ಕಟ್ಟಿದವನೇ ಕಾಪಾಡಬೇಕು ಅನ್ನೋದು ಕರಾರಿನಲ್ಲೇ ಉಂಟು. ಹಾಗಂತ ಎಲ್ಲ ಸರಿ ಹೋಯ್ತಾ? ಇಲ್ಲ. ಉದ್ಘಾಟನೆಯಾದ ಒಂದೇ ವಾರಕ್ಕೆ ರಾಮನಗರದ ಹತ್ತಿರ ಮಳೆನೀರು ನಿಂತು ಕೆಳಸೇತುವೆ ಕೆರೆಯಾಯಿತು. 2023ರ ಒಂದೇ ವರ್ಷದಲ್ಲಿ ಈ ರಸ್ತೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ಅಂದರೆ ರಸ್ತೆಗೆ ಭೂಮಿ ಕೊಟ್ಟ ರೈತನ ಟ್ರಾಕ್ಟರು ಪಕ್ಕದ ಸರ್ವಿಸ್ ರಸ್ತೆಯಲ್ಲಿ ಓಡಬೇಕು. ಜೀವ ಉಳಿಯೋದಾದರೆ ಇರಲಿ. ಆದರೆ ಆ ಸರ್ವಿಸ್ ರಸ್ತೆಯ ಮೇಲೂ, ಅದರ ಮೋರಿಗಳ ಮೇಲೂ ಅಷ್ಟೇ ಕಾಳಜಿ ಬೇಕಲ್ಲವೇ?

ಮನಸ್ಸಿದ್ದರೆ ಏನು ಬೇಕಾದರೂ ಆಗ್ತದೆ ಅನ್ನೋದಕ್ಕೆ ಶ್ರೀರಂಗಪಟ್ಟಣದಲ್ಲೇ ಸಾಕ್ಷಿ ಇದೆ. ಜೋಡಿ ಹಳಿ ಹಾಕುವಾಗ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂತು. ಕೆಡವಲಿಲ್ಲ. 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಬುಡಸಮೇತ ಎತ್ತಿ ನೂರು ಮೀಟರಿಗೂ ಆಚೆ ಸರಿಸಿ ಕೂರಿಸಿದರು. ಸಂತೋಷ, ಇತಿಹಾಸ ಉಳಿಯಿತು. ಇಡೀ ಮದ್ದಿನ ಮನೆಯನ್ನೇ ನಡೆಸಿಕೊಂಡು ಹೋದ ದೇಶಕ್ಕೆ ನಾಲೆ ಬದಿಗೆ ಎದೆಮಟ್ಟದ ಗೋಡೆ ಭಾರವಾಯ್ತಾ?

ನಾಲ್ಕು ತಾಲ್ಲೂಕು, ನಾಲ್ಕು ಸಂಕಟ

ಶ್ರೀರಂಗಪಟ್ಟಣದ ಸಂಕಟ ಕಾವೇರಿ. ಕನ್ನಂಬಾಡಿ ತುಂಬಿ ಗೇಟು ಎತ್ತಿದಾಗ ನದಿ ಬದಿಯವರಿಗೆ ನಿದ್ರೆ ಇಲ್ಲ. ಹೊಸ ಸೇತುವೆ ಎತ್ತರದಲ್ಲಿದೆ, ಅದಕ್ಕೆ ಚಿಂತೆ ಇಲ್ಲ. ಹಳೆಯದನ್ನು ನಂಬಿದವರು, ತೋಟಕ್ಕೆ ಹೋಗುವವರು, ಕಾಲ್ನಡೆಯವರು ಸುತ್ತಿ ಬಳಸಿ ಹೋಗಬೇಕು.

ಪಾಂಡವಪುರದ ಸಂಕಟ ನಾಲೆ. ಜೊತೆಗೆ ಭಾರ. ಕಬ್ಬಿನ ಹಂಗಾಮಿನಲ್ಲಿ ಟ್ರಾಕ್ಟರಿಗೆ ಎರಡೆರಡು ಟ್ರೈಲರು ಕಟ್ಟಿ, ಎರಡಾಳೆತ್ತರ ಕಬ್ಬು ಹೇರಿ ಕಾರ್ಖಾನೆ ಕಡೆ ಹೊರಡ್ತಾರೆ. ಬೇಬಿಬೆಟ್ಟದ ಕಡೆಯಿಂದ ಕಲ್ಲು, ಜಲ್ಲಿ ಹೊತ್ತ ಟಿಪ್ಪರುಗಳು ವರ್ಷಗಟ್ಟಲೆ ಓಡಿದವು. ಕನ್ನಂಬಾಡಿ ಕಟ್ಟೆಗೆ ಅಪಾಯ ಅಂತ 2024ರ ಜನವರಿಯಲ್ಲಿ ಹೈಕೋರ್ಟು ಇಪ್ಪತ್ತು ಕಿಲೋಮೀಟರ್ ಸುತ್ತಳತೆಯಲ್ಲಿ ಗಣಿಗಾರಿಕೆಗೆ ತಡೆ ಹಾಕಿತು. ಕಟ್ಟೆಯ ಪರವಾಗಿ ಕೋರ್ಟು ಮಾತಾಡಿತು. ಆ ಟಿಪ್ಪರುಗಳ ಭಾರ ತಡೆದುಕೊಂಡ ಮೋರಿಗಳ ಪರವಾಗಿ ಯಾರು ಮಾತಾಡ್ತಾರೆ? ವೈರಮುಡಿ ಉತ್ಸವಕ್ಕೆ ಮೇಲುಕೋಟೆಗೆ ಹೋಗುವ ಸಾವಿರಾರು ಗಾಡಿಗಳೂ ಇಂಥ ಮೋರಿ ಸೇತುವೆಗಳನ್ನೇ ದಾಟಿ ಹೋಗಬೇಕು.

ಕೆ.ಆರ್. ಪೇಟೆಯ ಸಂಕಟ ಹೇಮಾವತಿ. ಗೊರೂರಿನಲ್ಲಿ ನೀರು ಬಿಟ್ಟರೆ ಮಂದಗೆರೆ, ಅಕ್ಕಿಹೆಬ್ಬಾಳು, ಹೇಮಗಿರಿ ಕಡೆಯವರು ಹೊಳೆ ನೋಡ್ತಾ ಕೂರಬೇಕು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಕೂಡುವ ಊರಿನ ಹೆಸರೇ ಅಂಬಿಗರಹಳ್ಳಿ. ಸೇತುವೆ ಇಲ್ಲದ ಕಾಲದಲ್ಲಿ ಈ ಸೀಮೆಯನ್ನು ದಾಟಿಸಿದವರು ಯಾರು ಅಂತ ಆ ಹೆಸರೇ ಹೇಳ್ತದೆ. 2013ರಲ್ಲಿ, ಮತ್ತೆ 2022ರ ಅಕ್ಟೋಬರಿನಲ್ಲಿ ಅಲ್ಲಿ ಕುಂಭಮೇಳ ನಡೆಯಿತು. ಮೇಳಕ್ಕೆ ಬಂದವರು ಮಿಂದು ಹೋದರು. ಹೊಳೆಯ ಆಚೆ ಈಚೆ ಇರುವವರು ಮೇಳ ಮುಗಿದ ಮೇಲೂ ಅಲ್ಲೇ ಬಾಳಬೇಕು. ಕೆ.ಆರ್. ಪೇಟೆಗೆ ಇನ್ನೊಂದು ತೊಡಕು ಉಂಟು. ಹೊಳೆ ದಾಟಿದರೆ ಒಂದು ಕಡೆ ಮೈಸೂರು ಜಿಲ್ಲೆ, ಇನ್ನೊಂದು ಕಡೆ ಹಾಸನ ಜಿಲ್ಲೆ. ಎರಡು ಜಿಲ್ಲೆ ನಡುವಿನ ಸೇತುವೆ ಎರಡು ಹೆಂಡಿರ ಗಂಡನ ಹಾಗೆ. ಅವಳು ಉಣ್ಣಿಸ್ತಾಳೆ ಅಂತ ಇವಳು, ಇವಳು ಉಣ್ಣಿಸ್ತಾಳೆ ಅಂತ ಅವಳು.

ನಾಗಮಂಗಲದ ಸಂಕಟವೇ ಬೇರೆ. ಅಲ್ಲಿ ದೊಡ್ಡ ಹೊಳೆ ಇಲ್ಲ. ಕೆರೆ, ಕೋಡಿ, ಹಳ್ಳ. ಒಣ ತಾಲ್ಲೂಕು ಅಂತ ಮೋರಿಗಳನ್ನೂ ಸಣ್ಣದಾಗಿಯೇ ಕಟ್ಟಿದರು. 2022ರಂಥ ಮಳೆಗಾಲ ಬಂದಾಗ ಕೆರೆ ಒಡೆದು, ಕೋಡಿ ಬಿದ್ದು, ರಸ್ತೆಗಳೇ ಹಳ್ಳವಾದವು. ಹತ್ತು ವರ್ಷ ಒಣಗಿದ್ದ ಹಳ್ಳ ಒಂದು ರಾತ್ರಿ ತನ್ನ ಹಳೇ ದಾರಿ ಕೇಳ್ತದೆ. ಅದು ಯಾವತ್ತೂ ಮರೆಯೋದಿಲ್ಲ. ನಾಗಮಂಗಲದ ಕಡೆಯಿಂದ ಬರುವ ಲೋಕಪಾವನಿ ಪಾಂಡವಪುರ ಹಾಯ್ದು ಕರಿಘಟ್ಟದ ಹತ್ತಿರ ಕಾವೇರಿ ಸೇರುತ್ತಾಳೆ. ಮೇಲಿನ ತಾಲ್ಲೂಕಿನ ಕೆರೆ ಒಡೆದರೆ ಕೆಳಗಿನ ತಾಲ್ಲೂಕಿನ ಸೇತುವೆಗೆ ಪೆಟ್ಟು. ನೀರಿಗೆ ತಾಲ್ಲೂಕು ಗಡಿ ಇಲ್ಲ, ಎಸ್ಟಿಮೇಟಿಗೆ ಮಾತ್ರ ಇದೆ.

ನಕ್ಷೆಯಲ್ಲಿ ಏನು ನೋಡಬೇಕು?

ಸೇತುವೆ ಅಂದರೆ ಕಾಂಕ್ರೀಟು ಕಬ್ಬಿಣ ಅಂತ ತಿಳಿಯಬೇಡಿ. ಮೊದಲು ನೀರಿನ ಲೆಕ್ಕ. ದೊಡ್ಡ ಸೇತುವೆಗೆ ನೂರು ವರ್ಷಕ್ಕೊಮ್ಮೆ ಬರಬಹುದಾದ ನೆರೆಯನ್ನು ಲೆಕ್ಕಕ್ಕೆ ಹಿಡಿಯಬೇಕು ಅನ್ನೋದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮ. ಹಿಂದೆ ನೀರು ಎಲ್ಲೀವರೆಗೆ ಬಂದಿತ್ತು ಅಂತ ಊರಿನ ಹಿರಿಯರನ್ನು ಕೇಳಬೇಕು, ದೇವಸ್ಥಾನದ ಗೋಡೆಯ ಗುರುತು ನೋಡಬೇಕು. ಆ ಮಟ್ಟಕ್ಕಿಂತ ಮೇಲೆ ಗಾಳಿ ಆಡುವಷ್ಟು ಜಾಗ ಬಿಟ್ಟು ಸೇತುವೆ ನಿಲ್ಲಿಸಬೇಕು, ಇಲ್ಲದಿದ್ದರೆ ತೇಲಿ ಬರುವ ಮರ ಬಂದು ಗುದ್ದುತ್ತದೆ.

ಎರಡನೆಯದು ತಳದ ಲೆಕ್ಕ. ನೆರೆ ಬಂದಾಗ ಹೊಳೆ ಮೇಲೆ ಮಾತ್ರ ಏರೋದಿಲ್ಲ, ಕೆಳಗೂ ಕೊರೆಯುತ್ತದೆ. ಕಂಬದ ಸುತ್ತ ನೀರು ಸುಳಿ ಸುತ್ತಿ ಮರಳು ಎತ್ತಿಕೊಂಡು ಹೋಗ್ತದೆ. ಬಹಳ ಸೇತುವೆಗಳು ಭಾರಕ್ಕೆ ಬೀಳೋದಿಲ್ಲ, ಬುಡ ಕೊರೆದು ಬೀಳ್ತವೆ. ಈಗ ಹೇಳಿ, ಸೇತುವೆ ಪಕ್ಕದಲ್ಲೇ ರಾತ್ರೋರಾತ್ರಿ ಮರಳು ತುಂಬುವವನು ಏನು ಮಾಡ್ತಿದ್ದಾನೆ? ಇಂಜಿನಿಯರು ಲೆಕ್ಕ ಹಾಕಿದ ತಳವನ್ನೇ ಲಾರಿಯಲ್ಲಿ ಸಾಗಿಸ್ತಿದ್ದಾನೆ.

ಮೂರನೆಯದು ಸಂದಿನ ಲೆಕ್ಕ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಸೇತುವೆಗೆ ನಡುವೆ ಸಂದು ಬಿಡಬೇಕು, ಕಂಬದ ತಲೆ ಮೇಲೆ ಬೇರಿಂಗು ಕೂರಿಸಬೇಕು. ಆ ಸಂದಿಗೆ ಮಣ್ಣು ತುಂಬಿ, ನೀರಿಳಿಯುವ ಕೊಳವೆ ಕಟ್ಟಿಕೊಂಡರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಕಾಂಕ್ರೀಟು ಸಿಪ್ಪೆ ಬಿಡ್ತದೆ. ಇದನ್ನು ತಡೆಯಲು ಕೋಟಿ ಬೇಡ. ಮಳೆಗಾಲಕ್ಕೆ ಮುಂಚೆ ಪೊರಕೆ, ಗುದ್ದಲಿ ಹಿಡಿದ ನಾಲ್ಕು ಆಳು ಸಾಕು.

ಬೇರೆ ಊರು ಬಿದ್ದಾಗ

ನಮ್ಮ ರಾಜ್ಯದಲ್ಲೇ ನೋಡಿ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ನಲವತ್ತು ವರ್ಷದ ಸೇತುವೆ. ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಉಳಿಸಿದರು. ಹಗಲಾಗಿದ್ದರೆ ಏನಾಗುತ್ತಿತ್ತು? ಗುಜರಾತಿನ ಮೋರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು ತೂಗುಸೇತುವೆ ಹರಿದು 135 ಜನ ಸತ್ತರು. ರಿಪೇರಿ ಮಾಡಿ ತೆರೆದು ಆಗಿನ್ನೂ ನಾಲ್ಕೇ ದಿನವಾಗಿತ್ತು. ಅದೇ ರಾಜ್ಯದಲ್ಲಿ 2025ರ ಜುಲೈ 9ರಂದು ಗಂಭೀರಾ ಸೇತುವೆ ಮುರಿದು ಇಪ್ಪತ್ತರಷ್ಟು ಜನ ಹೋದರು. ಬಿಹಾರದಲ್ಲಿ 2024ರ ಮಳೆಗಾಲ ಶುರುವಾದ ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಸೇತುವೆ ಬಿದ್ದವು.

ಇನ್ನೊಂದು ಕಡೆ ಒಳ್ಳೆಯದೂ ಇದೆ. ಶರಾವತಿ ಹಿನ್ನೀರಿನ ಸಿಗಂದೂರು ಕಡೆಯ ಜನ ಲಿಂಗನಮಕ್ಕಿ ಕಟ್ಟೆ ಕಟ್ಟಿದ ಮೇಲೆ ಅರವತ್ತು ವರ್ಷ ಲಾಂಚಿನಲ್ಲೇ ದಾಟಿದರು. 2025ರ ಜುಲೈ 14ರಂದು ಅಲ್ಲಿ 2.44 ಕಿಲೋಮೀಟರಿನ ಸೇತುವೆ ತೆರೆಯಿತು, ಸುಮಾರು 470 ಕೋಟಿಯದು. ಬೇಕು ಅಂದರೆ ದುಡ್ಡು ಹುಟ್ಟುತ್ತದೆ ಅನ್ನೋದು ಸುಳ್ಳಲ್ಲ. ಆದರೆ ಆ ಸೇತುವೆ ನಲವತ್ತನೇ ವರ್ಷಕ್ಕೆ ಹೇಗಿರ್ತದೆ ಅನ್ನೋದು 470 ಕೋಟಿಯ ಮೇಲೆ ನಿಂತಿಲ್ಲ, ವರ್ಷಾ ವರ್ಷಾ ಅದರ ಕೆಳಗಿಳಿದು ನೋಡುವ ಕಣ್ಣಿನ ಮೇಲೆ ನಿಂತಿದೆ.

ಆ ಕಣ್ಣು ಎಲ್ಲಿದೆ? ಅಣೆಕಟ್ಟುಗಳಿಗೆ 2021ರಲ್ಲಿ ಸುರಕ್ಷತಾ ಕಾಯ್ದೆ ಬಂದಿದೆ. ಮಳೆಗಾಲಕ್ಕೆ ಮುಂಚೆ, ಆಮೇಲೆ, ತಪಾಸಣೆ ಕಡ್ಡಾಯ. ರಾಷ್ಟ್ರೀಯ ಹೆದ್ದಾರಿಯ ಸೇತುವೆಗಳನ್ನು ಎಣಿಸಿ, ಒಂದೊಂದಕ್ಕೂ ನಂಬರು ಕೊಟ್ಟು, ಗಟ್ಟಿ ಯಾವುದು ಪೊಳ್ಳು ಯಾವುದು ಅಂತ ದಾಖಲಿಸುವ ಕೆಲಸವನ್ನು ಕೇಂದ್ರ 2016ರಲ್ಲಿ ಶುರು ಮಾಡಿತು. ಸರಿ. ಕನ್ನಂಬಾಡಿಗೆ ಕಾಯ್ದೆ ಇದೆ, ಹೆದ್ದಾರಿಗೆ ಎಣಿಕೆ ಇದೆ. ನಡುವೆ ಇರುವ ನಾಲೆ ಸೇತುವೆಗೆ, ಊರ ಮೋರಿಗೆ? ಅದನ್ನು ಎಣಿಸೋದು ಅಪಘಾತ ಆದ ದಿನ, ಆಸ್ಪತ್ರೆಯ ಮುಂದೆ.

ಹಾಗಾದರೆ ಮಾಡಬೇಕಾದ್ದೇನು?

ಬರೀ ಬೈದು ಬರೆಯೋದು ಸುಲಭ. ಆದ್ದರಿಂದ ನಾಲ್ಕು ಮಾತು ಹೇಳಿ ಮುಗಿಸ್ತೀನಿ.

ಒಂದು, ತಡೆಗೋಡೆ ಸೇತುವೆಯ ಅಂಗ. ಅದನ್ನು ಮುಂದಿನ ಹಂತ, ಎರಡನೇ ಹಂತ ಅಂತ ತಳ್ಳಬಾರದು. ಗೋಡೆ ಇಲ್ಲದ ಎಸ್ಟಿಮೇಟಿಗೆ ತಾಂತ್ರಿಕ ಮಂಜೂರಾತಿಯನ್ನೇ ಕೊಡಬಾರದು. ನಾಲೆ ಬದಿ ರಸ್ತೆಗೂ ಅಷ್ಟೇ. ತಿರುವಿನಲ್ಲಿ, ಸೇತುವೆಯ ಎರಡೂ ಬಾಯಿಯಲ್ಲಿ ಮೊದಲು ಕಟ್ಟಲಿ, ನೇರ ದಾರಿಗೆ ಆಮೇಲೆ ಬರಲಿ.

ಎರಡು, ಕಟ್ಟುವ ದುಡ್ಡಿನ ಜೊತೆಯಲ್ಲೇ ಕಾಪಾಡುವ ದುಡ್ಡನ್ನೂ ಕಟ್ಟಿಡಬೇಕು. ಗ್ರಾಮ ಸಡಕ್ ರಸ್ತೆಗೆ ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ನೋಡಿಕೊಳ್ಳಬೇಕು ಅನ್ನೋ ಕರಾರು ಇದೆ. ಹೆದ್ದಾರಿಗೆ ಹದಿನೈದು ವರ್ಷದ್ದು ಇದೆ. ನಾಲೆ ಸೇತುವೆಗೆ ಯಾಕೆ ಬೇಡ?

ಮೂರು, ಪ್ರತಿ ಸೇತುವೆಗೂ ಒಂದು ಫಲಕ. ಉದ್ಘಾಟಿಸಿದವರ ಹೆಸರಿನ ಅಮೃತಶಿಲೆ ಈಗಾಗಲೇ ಇದೆ. ಅದರ ಪಕ್ಕಕ್ಕೆ ಸಾದಾ ಬಣ್ಣದಲ್ಲಿ ಬರೆಯಿರಿ: ಈ ಸೇತುವೆ ಯಾವ ಕಛೇರಿಯದು, ಎಷ್ಟು ಟನ್ ಹೊರುತ್ತದೆ, ಯಾವ ವರ್ಷ ಕಟ್ಟಿದ್ದು, ಕೊನೆಯ ತಪಾಸಣೆ ಯಾವತ್ತು. ಆಗ ಮೂರು ಕಛೇರಿ ಸುತ್ತುವ ಕಷ್ಟ ಬಡವನಿಗೆ ತಪ್ಪುತ್ತದೆ.

ನಾಲ್ಕು, ಪಂಚಾಯಿತಿಯವರು ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ತಮ್ಮ ಎಲ್ಲೆಯ ಮೋರಿ ಸೇತುವೆಗಳನ್ನು ಎಣಿಸಿ ಬರೆಯಲಿ. ಗ್ರಾಮಸಭೆಯಲ್ಲಿ ಓದಲಿ. 2005ರ ಮಾಹಿತಿ ಹಕ್ಕು ಕಾಯ್ದೆ ನಿಮ್ಮ ಕೈಯಲ್ಲೇ ಇದೆ. ಹತ್ತು ರೂಪಾಯಿಯ ಅರ್ಜಿ ಹಾಕಿ ತಪಾಸಣೆಯ ವರದಿ ಕೇಳಿ. ಉತ್ತರ ಬಾರದಿದ್ದರೆ ಅದೇ ಒಂದು ಉತ್ತರ.

ಇತ್ತೀಚೆಗೆ ಕನಗನಮರಡಿಯ ಆ ತಿರುವಿನಲ್ಲಿ ಬೈಕು ನಿಲ್ಲಿಸಿ ಒಂದು ಗಳಿಗೆ ನಿಂತಿದ್ದೆ. ನಾಲೆಯಲ್ಲಿ ನೀರು ತನ್ನ ಪಾಡಿಗೆ ಹೋಗ್ತಿತ್ತು. ದನ ಹೊಡಕೊಂಡು ಬಂದ ಅಜ್ಜನೊಬ್ಬ ನನ್ನನ್ನು ನೋಡಿ, ‘ಏನಪ್ಪಾ, ಪೇಪರಿನವನಾ? ಇಲ್ಲಿ ಈಗ ಏನಾಗದೆ ಅಂತ ಬಂದೆ?’ ಅಂದ. ‘ಏನೂ ಆಗಿಲ್ಲ ತಾತ, ಸುಮ್ನೆ ಬಂದೆ’ ಅಂದೆ. ಅಜ್ಜ ದನಗಳನ್ನು ನಾಲೆಯಿಂದ ಈಚೆಗೆ ತಿರುಗಿಸಿಕೊಳ್ಳುತ್ತಾ ಅಂದ, ‘ಏನೂ ಆಗದೇ ಇದ್ದಾಗ್ಲೇ ಬರ್ಬೇಕು ಕಣಪ್ಪ.’

ಅಧಿಕಾರಿಗಳೇ, ಶಾಸಕರೇ, ಆ ಅಜ್ಜನ ಮಾತು ನಿಮಗೂ ಸೇರಿ. ಏನೂ ಆಗದೇ ಇದ್ದಾಗಲೇ ಒಮ್ಮೆ ಬನ್ನಿ.